ಸತ್ತ ಇಲಿಯ ನಾತ ಮತ್ತು ಗಾಳಿಯ ಚಲನೆ

ರಾಮದುರ್ಗದ ಹಳೆಯ ಮನೆಗಳಿಗೆ ಕಲ್ಲುಮಣ್ಣಿನ ದಪ್ಪ ಗೋಡೆಗಳು. ಮೇಲೆ ಜಂತಿಗಳನ್ನು ಹಾಸಿ ಮಣ್ಣು ಹೊದಿಸಿದ ಮಾಳಿಗೆ. ಇವು ಬೇಸಗೆಯಲ್ಲಿ ತಂಪಾಗಿರುತ್ತವೆ. ಆದರೆ ಜೋಳದ ಚೀಲಗಳ ಆಸೆಗೆ ಬಂದ ಇಲಿಗಳಿಗೆ ಅವುಗಳ ಸಂದುಗಳೇ ಆಶ್ರಯ. ಅಂಥ ಸಂದಿನಲ್ಲಿ ಒಂದು ಇಲಿ ಸತ್ತರೆ ಎರಡು ಮೂರು ದಿನಗಳಲ್ಲಿ ಮನೆಯೆಲ್ಲ ನಾತ ತುಂಬುತ್ತದೆ. ನಾತವು ಎಲ್ಲ ಕೋಣೆಗಳಲ್ಲಿಯೂ ಇರುವಾಗ ಇಲಿಯನ್ನು ಎಲ್ಲಿ ಹುಡುಕಬೇಕು? ಇದಕ್ಕೆ ಭೌತಶಾಸ್ತ್ರವು ದಾರಿ ತೋರಬಲ್ಲುದು.

ಮೊದಲು ನಾತವೆಂದರೇನೆಂಬುದನ್ನು ನೋಡೋಣ. ಸತ್ತ ದೇಹದ ಪ್ರೋಟೀನುಗಳನ್ನು ಬ್ಯಾಕ್ಟೀರಿಯಗಳು ಒಡೆಯುವಾಗ ಅಮೋನಿಯ, ಹೈಡ್ರೊಜನ್ ಸಲ್ಫೈಡ್, ಗಂಧಕವುಳ್ಳ ಇತರ ಅನಿಲಗಳು ಹುಟ್ಟುತ್ತವೆ. ಇವುಗಳೊಡನೆ ಪ್ಯೂಟ್ರೆಸೀನ್, ಕೆಡವರೀನ್ ಎಂಬ ಎರಡು ವಸ್ತುಗಳೂ ಉಂಟಾಗುತ್ತವೆ. ಇವುಗಳನ್ನು 1885ರಲ್ಲಿ ವರ್ಣಿಸಿದವನು ಬರ್ಲಿನ್ನಿನ ವೈದ್ಯ ಲುಡ್ವಿಗ್ ಬ್ರೀಗರ್. ಗಂಧಕದ ಕೆಲವು ಅನಿಲಗಳು ಗಾಳಿಯ ನೂರು ಕೋಟಿ ಅಣುಗಳಲ್ಲಿ ಕೆಲವೇ ಅಣುಗಳಷ್ಟಿದ್ದರೂ ನಮ್ಮ ಮೂಗು ಅವನ್ನು ಗುರುತಿಸುತ್ತದೆ.

ಈ ಅಣುಗಳು ಸೆಕೆಂಡಿಗೆ ನೂರಾರು ಮೀಟರುಗಳ ವೇಗದಿಂದ ಓಡುತ್ತವೆ. ಆದರೂ ಹೆಜ್ಜೆಹೆಜ್ಜೆಗೂ ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆದು ದಿಕ್ಕು ಬದಲಿಸುವುದರಿಂದ ಅವುಗಳ ಮುನ್ನಡೆ ಬಹು ನಿಧಾನ. ಇದಕ್ಕೆ ವಿಸರಣೆಯೆಂದು ಹೆಸರು. ದೂರವು ಹತ್ತು ಪಟ್ಟಾದರೆ ವಿಸರಣೆಗೆ ಬೇಕಾಗುವ ಕಾಲವು ನೂರು ಪಟ್ಟಾಗುತ್ತದೆ. ಲೆಕ್ಕ ಹಾಕಿದರೆ, ನಿಶ್ಚಲವಾದ ಗಾಳಿಯಲ್ಲಿ ಒಂದಡಿ ಸಾಗಲು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು, ಹತ್ತಡಿ ಸಾಗಲು ಸುಮಾರು ಐದು ದಿನಗಳು ಬೇಕು! ಹಾಗಾದರೆ ನಾತವು ಕ್ಷಣಮಾತ್ರದಲ್ಲಿ ಪಡಸಾಲೆಯಿಂದ ಅಡಿಗೆಮನೆಗೆ ಬರುವುದು ಹೇಗೆ? ಅದನ್ನು ಹೊತ್ತು ತರುವುದು ಬೀಸುವ ಗಾಳಿ. ಬಿಸಿಯಾಗಿ ಮೇಲೇರುವ, ತಣಿದು ಕೆಳಗಿಳಿಯುವ ಗಾಳಿ.

ಆದುದರಿಂದ ಹುಡುಕುವ ಮೊದಲು ಗಾಳಿಯನ್ನು ನಿಲ್ಲಿಸಬೇಕು. ಫ್ಯಾನು ಆರಿಸಿ, ಎಲ್ಲ ಕೋಣೆಗಳ ಬಾಗಿಲು ಕಿಟಕಿಗಳನ್ನು ಮುಚ್ಚಿ, ಅರ್ಧ ಗಂಟೆ ಹೊರಗಿರಿ. ಇದರಿಂದ ಇನ್ನೊಂದು ಪ್ರಯೋಜನವೂ ಉಂಟು: ಒಂದೇ ವಾಸನೆಗೆ ಒಗ್ಗಿ ಮಂದವಾದ ಮೂಗು ಮತ್ತೆ ಚುರುಕಾಗುತ್ತದೆ. ಬಳಿಕ ಒಂದೊಂದೇ ಕೋಣೆಯನ್ನು ತೆರೆದು, ಗೋಡೆಯ ಬುಡದಿಂದ ಜಂತಿಯವರೆಗೆ ಮೂಸಿ ನೋಡಿ. ನಾತವು ಹೆಚ್ಚಾಗಿರುವ ಬಿರುಕು ಸಿಕ್ಕಿದ ಮೇಲೆ, ಅದರ ಬಳಿ ಊದಿನಕಡ್ಡಿಯನ್ನು ಹಿಡಿಯಿರಿ. ಹೊಗೆಯ ಎಳೆಯು ಬಿರುಕಿನಿಂದ ಆಚೆಗೆ ಬಾಗಿದರೆ ಒಳಗಿನ ಗಾಳಿಯು ಅಲ್ಲಿಂದ ಹೊರಬರುತ್ತಿದೆಯೆಂದು ತಿಳಿಯಬಹುದು.

ಇಲಿಯನ್ನು ಬರಿಗೈಯಿಂದ ಮುಟ್ಟಕೂಡದು. ನಾತವೇ ರೋಗವನ್ನು ತರುವುದೆಂದು ಹಿಂದಿನವರು ನಂಬಿದ್ದರು. ಪ್ಲೇಗು ಹುಬ್ಬಳ್ಳಿಯನ್ನು ಕಾಡಿದ 1898ರಲ್ಲಿಯೇ, ಇಲಿಯ ಮೈಮೇಲಿನ ಚಿಗಟಗಳು ಆ ರೋಗವನ್ನು ಹರಡುತ್ತವೆಂದು ಪಾಲ್ ಲೂಯಿ ಸಿಮಾಂಡನು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದನು. ಇಲಿ ಸತ್ತು ತಣ್ಣಗಾದಾಗ ಚಿಗಟಗಳು ಬೇರೆ ಆಸರೆಯನ್ನು ಅರಸಿ ಹೊರಡುತ್ತವೆ. ಆದುದರಿಂದ ವಿಷವಿಡದೆಯೇ ಹಲವು ಇಲಿಗಳು ಸತ್ತು ಬಿದ್ದರೆ ಆರೋಗ್ಯ ಇಲಾಖೆಗೆ ಕೂಡಲೇ ತಿಳಿಸಬೇಕು. ಒಂದೇ ಇಲಿಯಾದರೂ ಕೈಚೀಲ ಧರಿಸಿ, ಕ್ರಿಮಿನಾಶಕ ದ್ರಾವಣದಿಂದ ಅದನ್ನು ತೋಯಿಸಿ ತೆಗೆದು, ಎರಡಡಿ ಆಳದಲ್ಲಿ ಹೂಳಬೇಕು.

ಉಳಿದ ನಾತಕ್ಕೆ ಊದಿನಕಡ್ಡಿ ಪರಿಹಾರವಲ್ಲ. ಅದು ಇರುವ ಅಣುಗಳ ಜೊತೆಗೆ ಬೇರೆ ಅಣುಗಳನ್ನು ಸೇರಿಸುತ್ತದೆ, ಅಷ್ಟೆ. ಈಗ ಕಿಟಕಿಗಳನ್ನೆಲ್ಲ ತೆರೆದು ಗಾಳಿಯಾಡಲು ಬಿಡಬೇಕು. ಇದ್ದಿಲಿನ ರಂಧ್ರಗಳ ಮೇಲ್ಮೈಗೆ ಹಲವು ಅನಿಲಗಳು ಅಂಟಿಕೊಳ್ಳುತ್ತವೆ. ವಿಶೇಷವಾಗಿ ಸಿದ್ಧಪಡಿಸಿದ ಕ್ರಿಯಾಶೀಲ ಇದ್ದಿಲಿನ ಒಂದು ಗ್ರಾಮಿನಲ್ಲಿ 500 ಚದರ ಮೀಟರಿಗೂ ಮಿಕ್ಕಿದ ಮೇಲ್ಮೈ ಇರುತ್ತದೆ.

ವಿಷ ತಿಂದ ಇಲಿ ಎಲ್ಲಿ ಹೋಗಿ ಸಾಯುವುದೆಂದು ಹೇಳಲಾಗದು. ಆದಕಾರಣ ದಪ್ಪ ಗೋಡೆಯ ಮನೆಗಳಲ್ಲಿ ವಿಷಕ್ಕಿಂತ ಬೋನು ಲೇಸು. ಸಂದುಗಳನ್ನು ಮುಚ್ಚಿಸುವುದು ಅದಕ್ಕಿಂತಲೂ ಲೇಸು.