ಸಣ್ಣ ಹೊಟ್ಟೆಗೆ ಮೊದಲ ತುತ್ತು

ಅಕ್ಕಲಕೋಟೆ ಕಡೆಯ ನಮ್ಮ ಕಲಿಕೆ ಕೇಂದ್ರದ ಅಕ್ಕ ಒಬ್ಬರು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡರು. ಮೂರು ತಿಂಗಳಾದರೂ ಮೆಟ್ಟಿಲು ಹತ್ತಲಿಕ್ಕೆ ಶಕ್ತಿ ಇಲ್ಲ. "ಎರಡು ತುತ್ತು ಗಂಜಿಗೇ ಹೊಟ್ಟಿ ತುಂಬತೈತ್ರಿ" ಅಂದರು. ತೊಡಕು ಅಲ್ಲೇ ಇತ್ತು. ಹೊಟ್ಟೆ ಸಣ್ಣದಾಯಿತು, ಆದರೆ ಮೈಗೆ ದಿನಕ್ಕೆ 60 ಗ್ರಾಂ ಆದರೂ ಪ್ರೋಟೀನ್ ಬೇಕು. ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಅಷ್ಟೇ. ನೀವೇ ಲೆಕ್ಕ ಹಾಕಿರಿ, ಒಂದೇ ಹೊತ್ತಿಗೆ ಆಗುವುದೇ? ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಬೇಕು. ಮೊದಲು ಮೊಟ್ಟೆ, ಗಟ್ಟಿ ಬೇಳೆ, ಪನೀರು, ರೊಟ್ಟಿ ಆಮೇಲೆ. ಬರೀ ತಿಳಿಸಾರು ಸಾಲದು. ಊಟವಾಗಿ ಅರ್ಧ ಗಂಟೆ ಬಿಟ್ಟು ನೀರು ಕುಡಿಯಿರಿ. ಪ್ರೋಟೀನ್ ಪುಡಿಯನ್ನು ಡಾಕ್ಟರನ್ನು ಕೇಳಿಯೇ ತೊಗೊಳ್ಳಿ.

ಅಕ್ಕ ಈಗ ತಿಂದದ್ದನ್ನೆಲ್ಲ ತಾವೇ ನೋಟ್‌ಬುಕ್‌ನಲ್ಲಿ ಬರೆದು ಡಾಕ್ಟರಿಗೆ ತೋರಿಸುತ್ತಾರೆ.