ಫೀಲ್ಡ್‌ನಲ್ಲಿ ಗೆಲ್ಲಲು ಔಟ್‌ರೀಚ್ ವರ್ಕರ್‌ಗೆ 7 ಸೂತ್ರಗಳು

ಎಂಎಸ್‌ಡಬ್ಲ್ಯು ಮುಗಿಸಿದ್ದೀರಿ. ಎಚ್‌ಐವಿ ತಡೆ ಯೋಜನೆಯಲ್ಲಿ ಕೆಲಸ ಸಿಕ್ಕಿದೆ. ಗಾಣಗಾಪುರ, ಅಫಜಲಪುರ, ಆಳಂದ, ಜೇವರ್ಗಿ ನಿಮ್ಮ ಏರಿಯಾ. ಬೀದಿಯಲ್ಲಿ ನಿಂತು ಲೈಂಗಿಕ ವೃತ್ತಿ ಮಾಡುವ ಹೆಣ್ಣುಮಕ್ಕಳ ಜೊತೆ ಮಾತು ಹೇಗೆ ಶುರು ಮಾಡೋದು, ನೋಡಿದವರು ಏನಂದಾರು ಅನ್ನುವ ಅಳುಕೇ? ಅದು ಬರೀ ರೂಢಿ. ಮೊದಲ ವಾರದಲ್ಲೇ ಬಿಡಿ.

1. ಪಿಯರ್ ಎಜುಕೇಟರ್ ಹಿಂದೆ ನಡೆಯಿರಿ.
ಆಕೆ ಅದೇ ವೃತ್ತಿಯಿಂದ ಬಂದವಳು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋ ಲೆಕ್ಕದಲ್ಲಿ ಸುಮಾರು 60 ಮಹಿಳೆಯರಿಗೆ ಒಬ್ಬಳು. ಕಾಗದದ ಮೇಲೆ ನೀವು ಮೇಲಿನವರು, ಫೀಲ್ಡ್‌ನಲ್ಲಿ ಆಕೆ. ಯಾರು ಎಲ್ಲಿ ನಿಲ್ಲುತ್ತಾರೆ, ಯಾರ ಮನೆಯಲ್ಲಿ ಗೊತ್ತಿಲ್ಲ, ಯಾವ ಆಟೋದವನನ್ನು ನಂಬಬಹುದು, ಎಲ್ಲ ಆಕೆಗೆ ಗೊತ್ತು. 'ಊಟ ಆಯ್ತೇನ್ರಿ ಅಕ್ಕಾ?' ಎಂದು ಶುರು ಮಾಡಿ. ಫಾರ್ಮ್ ಆಮೇಲೆ ತೆಗೆಯಿರಿ.

2. ಮೈಸೂರಿನ ಅಂಕಿ ಬಾಯಿಪಾಠ ಮಾಡಿ.
ಅಲ್ಲಿಯೂ ಹೆಚ್ಚಿನವರು ಬೀದಿಯಲ್ಲೇ ಗಿರಾಕಿ ನೋಡುವವರು. ಅವರೇ ಕಟ್ಟಿದ ಸಂಘಟನೆ ಆಶೋದಯ ಸಮಿತಿ. 2004ರಿಂದ 2006ರೊಳಗೆ ಅಲ್ಲಿ ಸಿಫಿಲಿಸ್ ಶೇ. 25ರಿಂದ 12ಕ್ಕೆ ಇಳಿಯಿತು. ಆಗೀಗ ಬರುವ ಗಿರಾಕಿಗಳ ಜೊತೆ ಕಾಂಡೋಮ್ ಬಳಕೆ ಶೇ. 65ರಿಂದ 90ಕ್ಕೆ ಏರಿತು. 'ಇದೆಲ್ಲ ಆಗೋದಲ್ಲ' ಎನ್ನುವ ಸಹೋದ್ಯೋಗಿಗೆ ಇಷ್ಟು ಸಾಕು. ಆದರೆ ಮೂರನೇ ಅಂಕಿಯನ್ನೂ ನೆನಪಿಡಿ: ಕಾಯಂ ಸಂಗಾತಿಯ ಜೊತೆ ಬಳಕೆ ಶೇ. 7ರಿಂದ 30ಕ್ಕೆ ಮಾತ್ರ ಮುಟ್ಟಿತು. ಪ್ರೀತಿ ಇರುವಲ್ಲಿ ಕಾಂಡೋಮ್ ಕೇಳುವುದು ಕಷ್ಟ. ಪೆಟ್ಟಿಗೆಗಟ್ಟಲೆ ಹಂಚಿದರೂ ಈ ಗಂಟು ಬಿಚ್ಚದು. ಕೂತು ಮಾತಾಡಿ. ಅವನನ್ನೂ ಟೆಸ್ಟ್‌ಗೆ ಕರೆಸಿ.

3. ಪಂಚಾಂಗ ನೋಡಿ ಕ್ಯಾಂಪ್ ಇಡಿ.
ದತ್ತ ಜಯಂತಿ, ಗುರುಪೂರ್ಣಿಮೆಯಂದು ಗಾಣಗಾಪುರ ತುಂಬಿರುತ್ತದೆ, ಬಂದೋಬಸ್ತೂ ಬಿಗಿ. ಆ ದಿನ ಹೆಲ್ತ್ ಕ್ಯಾಂಪ್ ಇಟ್ಟು ಯಾರೂ ಬರಲಿಲ್ಲ ಎಂದು ವರದಿ ಬರೆಯಬೇಡಿ. ಬೆಳಿಗ್ಗೆ ಹತ್ತು ಆಫೀಸಿನ ಟೈಮ್. ಅವರ ಟೈಮ್ ಕೇಳಿ. ಮರಾಠಿಯಲ್ಲೂ ನಾಲ್ಕು ಮಾತು ಕಲಿಯಿರಿ, ಗಡಿ ಹತ್ತಿರವೇ ಇದೆ.

4. 72 ಗಂಟೆ ಮರೆಯಬೇಡಿ.
ಕಾಂಡೋಮ್ ಹರಿಯಿತೇ? ಬಲಾತ್ಕಾರ ಆಯಿತೇ? ಎಚ್‌ಐವಿ ಸೋಂಕು ತಡೆಯುವ ಪಿಇಪಿ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನಡೆಯಬೇಕು. ಮೊದಲ ಗಂಟೆಗಳೇ ಮುಖ್ಯ. ಅಫಜಲಪುರದ ಆಸ್ಪತ್ರೆಯಲ್ಲಿ ಯಾರನ್ನು ಕೇಳಬೇಕು, ಅಲ್ಲಿ ಆಗದಿದ್ದರೆ ಕಲಬುರಗಿಗೆ ರಾತ್ರಿ ಯಾವ ಗಾಡಿ, ಇವತ್ತೇ ಗೊತ್ತು ಮಾಡಿಕೊಳ್ಳಿ. ತುರ್ತು ಸಹಾಯದ 112, ಎಚ್‌ಐವಿ ಸಹಾಯವಾಣಿ 1097, ಎರಡನ್ನೂ ಮಹಿಳೆಯರ ಫೋನಿನಲ್ಲಿ ಸೇವ್ ಮಾಡಿಸಿ.

5. ಕಾನೂನು ನಿಮ್ಮ ಬ್ಯಾಗ್‌ನಲ್ಲಿರಲಿ.
1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ (ಐಟಿಪಿಎ) ಪ್ರಕಾರ ವೃತ್ತಿಯೇ ಅಪರಾಧವಲ್ಲ. ಆದರೆ ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯುವುದು ಅಪರಾಧ. ದೇವಸ್ಥಾನ, ಶಾಲೆ, ಆಸ್ಪತ್ರೆಯ 200 ಮೀಟರ್ ಒಳಗೆ ವೃತ್ತಿ ನಡೆಸುವುದೂ ಅಪರಾಧ. ಕ್ಷೇತ್ರದ ಊರಿನಲ್ಲಿ ಇದನ್ನು ಮುಚ್ಚಿಟ್ಟರೆ ಏಟು ಬೀಳುವುದು ಅವರಿಗೆ, ನಿಮಗಲ್ಲ. ಜೊತೆಗೆ ಸುಪ್ರೀಂ ಕೋರ್ಟ್‌ನ 2022ರ ಮೇ 19ರ ಆದೇಶವನ್ನೂ ತಿಳಿಸಿ: ಪೊಲೀಸರು ಘನತೆಯಿಂದ ನಡೆದುಕೊಳ್ಳಬೇಕು, ಕಾಂಡೋಮನ್ನು ಅಪರಾಧದ ಸಾಕ್ಷಿ ಮಾಡುವಂತಿಲ್ಲ. ಪ್ರತಿ ತೆಗೆದು ಠಾಣೆಗೆ ಹೋಗಿ. ಜಗಳಕ್ಕೆ ಮೊದಲೇ ಹೋಗಿ, ಕೈಮುಗಿದು ಕೊಡಿ. ಬಂಧನ ಆದಮೇಲೆ ಓಡಾಡುವುದಕ್ಕಿಂತ ಇದು ಅಗ್ಗ.

6. ಗುಟ್ಟು ಕಾಯಿರಿ.
ಬಸ್‌ಸ್ಟ್ಯಾಂಡ್‌ನಲ್ಲಿ ಎದುರಾದರೆ ನೀವಾಗಿ ಮಾತಾಡಿಸಬೇಡಿ, ಐಡಿ ಕಾರ್ಡ್ ಒಳಗಿರಲಿ. ಎಚ್‌ಐವಿ ರಿಸಲ್ಟ್ ಬಯಲು ಮಾಡುವುದು 2017ರ ಎಚ್‌ಐವಿ/ಏಡ್ಸ್ ಕಾಯ್ದೆಗೆ ವಿರುದ್ಧ. ಸಣ್ಣ ಊರಿನಲ್ಲಿ ಒಂದು ಮಾತು ಜಾರಿದರೆ ಆಕೆಯ ಬಾಡಿಗೆ ಮನೆಯೇ ಹೋದೀತು.

7. ಕುರ್ಚಿ ಬಿಡಿ, ಮೇಲೇರಿ.
ಪ್ರಾಜೆಕ್ಟ್ ಮ್ಯಾನೇಜರ್ ಆಗಬೇಕೇ? ನಿಮ್ಮ ಕೆಲಸ ಮಾಡಬಲ್ಲ ಇಬ್ಬರನ್ನು ಅವರೊಳಗಿಂದಲೇ ತಯಾರು ಮಾಡಿ. ಸಾಂಗ್ಲಿಯ ವ್ಯಾಂಪ್ 1996ರಿಂದ ವೃತ್ತಿಯ ಮಹಿಳೆಯರೇ ನಡೆಸುವ ಸಂಘಟನೆ. ಮುಂದಿನ ತಿಂಗಳ ಮೀಟಿಂಗ್‌ಗೆ ಪಿಯರ್ ಎಜುಕೇಟರ್ ಅಧ್ಯಕ್ಷತೆ ವಹಿಸಲಿ. ನಡಾವಳಿ ನೀವು ಬರೆದುಕೊಳ್ಳಿ.