ಉಪ್ಪಾಗೆ ಸಿಪ್ಪೆ ಲಿವರಿನ ಕೊಬ್ಬು ಕರಗಿಸೀತೇ?

ಉಪ್ಪಾಗೆ ನಮಗೆ ಹೊಸತಲ್ಲ. ಬೀಜದಿಂದ ತುಪ್ಪ, ಸಿಪ್ಪೆಯಿಂದ ಹುಳಿ. ಕೊಡಗಿನವರ ಕಾಚಂಪುಳಿ, ಕೇರಳದವರ ಮೀನಿನ ಸಾರಿಗೆ ಬೀಳುವ ಕುಡಂಪುಳಿ ಎಲ್ಲ ಇದರ ಸಂಬಂಧವೇ. ಮಳೆಗಾಲದಲ್ಲಿ ಹಣ್ಣು ಹೆಕ್ಕಿ, ತಟ್ಟಿಯ ಮೇಲೆ ಹರಡಿ, ಹೊಗೆ ಕುಡಿಯುತ್ತ ಒಣಗಿಸುವ ಕಷ್ಟ ಮಾಡಿದವರಿಗೇ ಗೊತ್ತು. ಹೀಗೆ ಒಣಗಿದ ಸಿಪ್ಪೆ ಅಡುಗೆಮನೆಗೆ ಮಾತ್ರ ಹೋಗುವುದಿಲ್ಲ. ಅದರ ಸಾರ ತೆಗೆದು ಬೊಜ್ಜು ಇಳಿಸುವ ಮಾತ್ರೆಯೆಂದು ದೇಶವಿದೇಶಗಳಲ್ಲಿ ಮಾರುತ್ತಾರೆ.

ಈಗ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದ ಅನೇಕರ ಚೀಟಿಯಲ್ಲಿ 'ಫ್ಯಾಟಿ ಲಿವರ್' ಎಂದಿರುತ್ತದೆ. ನಮ್ಮ ನೆರೆಯವರೊಬ್ಬರು ಅಂಥ ಚೀಟಿ ಹಿಡಿದು, "ಭಾವ, ನಿಮ್ಮನೆ ಅಟ್ಟದ ಮೇಲೆ ಉಪ್ಪಾಗೆ ಇದ್ದಲೀ, ಕುದಿಸಿ ಕುಡದ್ರೆ ಸಾಕಲ್ದಾ?" ಎಂದು ಕೇಳಿದರು. ನಾನು ಸಿಪ್ಪೆ ಮಾರುವವ. 'ಹೌದು' ಎಂದರೆ ನನಗೇ ಲಾಭ. ಆದರೆ ಓದಿ ತಿಳಿದದ್ದು ಬೇರೆಯೇ ಇದೆ.

ಆಮ್ಲದ ಕೆಲಸ

ಉಪ್ಪಾಗೆಯ ಮುಖ್ಯ ಹುಳಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿದವರು ಮೈಸೂರಿನ ಸಿ.ಎಫ್.ಟಿ.ಆರ್.ಐ.ಯ ಲೂಯಿಸ್ ಮತ್ತು ನೀಲಕಂಠನ್. ನಾವು ಉಂಡ ಅನ್ನ, ಸಕ್ಕರೆ ಹೆಚ್ಚಾದಾಗ ಲಿವರು ಅದನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಮಧ್ಯದಲ್ಲಿ ಸಿಟ್ರೇಟ್ ಎಂಬ ವಸ್ತುವನ್ನು ಒಡೆಯುವ ಒಂದು ಕಿಣ್ವವಿದೆ. ಉಪ್ಪಾಗೆಯ ಆಮ್ಲ ನೋಡಲು ಸಿಟ್ರೇಟ್ ಹಾಗೇ ಇರುವುದರಿಂದ ಆ ಕಿಣ್ವದಲ್ಲಿ ಹೋಗಿ ಕೂತುಬಿಡುತ್ತದೆ. ಅಡಿಕೆ ಸುಲಿಯುವ ಯಂತ್ರಕ್ಕೆ ಅಡಿಕೆ ಗಾತ್ರದ ಕಲ್ಲು ಸಿಕ್ಕಿಕೊಂಡ ಹಾಗೆ. ಇಲಿಗಳ ಲಿವರಿನಲ್ಲಿ ಕೊಬ್ಬು ತಯಾರಾಗುವುದು ಇದರಿಂದ ಕಡಿಮೆಯಾಗುತ್ತದೆಂದು 1971ರಲ್ಲಿ ಅಮೆರಿಕದ ಲೋವೆನ್‌ಸ್ಟೈನ್ ತೋರಿಸಿದರು. ಮಾತ್ರೆ ವ್ಯಾಪಾರದ ಬೇರು ಇಲ್ಲಿದೆ.

ಮೂರು ಕಾಲುವೆಯ ಕೆರೆ

ಹಾಗಾದರೆ ಮನುಷ್ಯರ ಲಿವರಿನ ಕೊಬ್ಬೂ ಕರಗಬೇಕಲ್ಲ? ಇಲ್ಲೊಂದು ಲೆಕ್ಕ ನೋಡಬೇಕು. ಫ್ಯಾಟಿ ಲಿವರ್ ಇದ್ದವರಲ್ಲಿ ಆ ಕೊಬ್ಬು ಎಲ್ಲಿಂದ ಬಂತೆಂದು ಅಮೆರಿಕದಲ್ಲಿ ಅಳೆದು 2005ರಲ್ಲಿ ಪ್ರಕಟಿಸಿದರು. ಶೇ. 59ರಷ್ಟು ಮೈಯ ಬೊಜ್ಜಿನಿಂದ ರಕ್ತದ ಮೂಲಕ ಬಂದದ್ದು. ಶೇ. 15ರಷ್ಟು ಊಟದ ಎಣ್ಣೆ, ಕೊಬ್ಬಿನದು. ಲಿವರೇ ಹೊಸದಾಗಿ ತಯಾರಿಸಿದ್ದು ಶೇ. 26 ಮಾತ್ರ.

ಮೂರು ಕಾಲುವೆ ಬಂದು ಸೇರುವ ಕೆರೆ ಎಂದಿಟ್ಟುಕೊಳ್ಳಿ. ಉಪ್ಪಾಗೆ ಪೂರ್ತಿ ಕೆಲಸ ಮಾಡಿದರೂ ಮುಚ್ಚುವುದು ನಡುವಿನ ಕಾಲುವೆಯೊಂದನ್ನೇ. ದೊಡ್ಡ ಕಾಲುವೆ ಹರಿಯುತ್ತಲೇ ಇರುತ್ತದೆ.

ಪರೀಕ್ಷೆ ಏನು ಹೇಳಿತು?

1998ರಲ್ಲಿ ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರ ಪ್ರಯೋಗ ನಡೆಯಿತು. ಅರ್ಧ ಜನರಿಗೆ ದಿನಕ್ಕೆ 1,500 ಮಿಲಿಗ್ರಾಂ ಆಮ್ಲ ಸಿಗುವಷ್ಟು ಉಪ್ಪಾಗೆ ಸಾರ, ಉಳಿದವರಿಗೆ ಏನೂ ಇಲ್ಲದ ಸಪ್ಪೆ ಮಾತ್ರೆ. ಊಟದ ಪಥ್ಯ ಎಲ್ಲರಿಗೂ ಒಂದೇ. ಉಪ್ಪಾಗೆಯವರು ಸರಾಸರಿ 3.2 ಕಿಲೋ ಇಳಿದರು, ಸಪ್ಪೆ ಮಾತ್ರೆಯವರು 4.1 ಕಿಲೋ. ಅಂದರೆ ಕೆಲಸ ಮಾಡಿದ್ದು ಪಥ್ಯ, ಮಾತ್ರೆಯಲ್ಲ.

ಇನ್ನೂ ಯೋಚಿಸಬೇಕಾದದ್ದು 2013ರ ಕೊರಿಯಾದ ಪ್ರಯೋಗ. ಕೊಬ್ಬಿನ ಆಹಾರ ತಿನ್ನಿಸಿದ ಇಲಿಗಳಿಗೆ ಉಪ್ಪಾಗೆ ಸಾರ ಕೊಟ್ಟಾಗ ಮೈಯ ಬೊಜ್ಜೇನೋ ಇಳಿಯಿತು. ಆದರೆ ಲಿವರಿನಲ್ಲಿ ಉರಿಯೂತ ಮತ್ತು ನಾರು ಹೆಚ್ಚಿತು. ಫ್ಯಾಟಿ ಲಿವರಿನಲ್ಲಿ ನಾವು ಹೆದರಬೇಕಾದದ್ದು ಈ ನಾರಿಗೇ. ನಾರು ಬೆಳೆದು ಲಿವರು ಗಟ್ಟಿಯಾದರೆ ಅದೇ ಸಿರೋಸಿಸ್.

ಉಪ್ಪಾಗೆ ಸಾರದ ಮಾತ್ರೆ ನುಂಗಿ ಲಿವರು ಕೆಟ್ಟು ಆಸ್ಪತ್ರೆ ಸೇರಿದವರ ವರದಿಗಳೂ ಇವೆ. ಕೆಲವರಿಗೆ ಲಿವರ್ ಬದಲಿಸಬೇಕಾಯಿತು. ಇಂಥ ಮಾತ್ರೆಗಳಲ್ಲಿ ಹಲವು ವಸ್ತು ಬೆರೆತಿರುವುದರಿಂದ ಎಲ್ಲ ತಪ್ಪನ್ನೂ ಉಪ್ಪಾಗೆ ಮೇಲೆ ಹೊರಿಸಲಾಗದು. ಆದರೆ ಬೇರೇನೂ ಬೆರೆಸದ ಉಪ್ಪಾಗೆ ಸಾರದಿಂದಲೂ ಹೀಗಾದದ್ದಿದೆ. ಎಲ್ಲರಿಗೂ ಆಗುವುದಿಲ್ಲ, ಅಪರೂಪಕ್ಕೆ ಆಗುತ್ತದೆ. ಯಾರಿಗೆಂದು ಮೊದಲೇ ಹೇಳಲಾಗದು.

ಸಾರಿನ ಹುಳಿ ಬೇರೆ, ಸಾರದ ಮಾತ್ರೆ ಬೇರೆ

ಇದನ್ನೋದಿ ಯಾರೂ ಉಪ್ಪಾಗೆ ಡಬ್ಬಿ ಎಸೆಯಬೇಕಿಲ್ಲ. ಮನೆಮಂದಿಗೆಲ್ಲ ಮಾಡಿದ ಸಾರಿಗೆ ಬೀಳುವುದು ಒಂದೆರಡು ಚೂರು. ಅದು ಆಹಾರ. ದಿನಾ ಮೂರು ಹೊತ್ತು ಗಟ್ಟಿ ಸಾರ ನುಂಗುವುದು ಅಥವಾ ಹಿಡಿಗಟ್ಟಲೆ ಸಿಪ್ಪೆ ಕುದಿಸಿ ಕುಡಿಯುವುದು ಔಷಧ, ಅದೂ ಅಳತೆ ಗೊತ್ತಿಲ್ಲದ ಔಷಧ. ಗಿಡದ್ದೆಂದ ಮಾತ್ರಕ್ಕೆ ನಿರಪಾಯವಲ್ಲ. ಕಾಸರಕನ ಕಾಯಿಯೂ ಗಿಡದ್ದೇ ಅಲ್ಲವೇ?

ನೆರೆಯವರಿಗೆ ನಾನು ಹೇಳಿದ್ದು ಇಷ್ಟು:

1. ಮೈತೂಕದ ಶೇ. 5 ಇಳಿದರೆ ಲಿವರಿನ ಕೊಬ್ಬು ಕಡಿಮೆಯಾಗುತ್ತದೆ. ಶೇ. 7ರಿಂದ 10 ಇಳಿದರೆ ಉರಿಯೂತವೂ ತಗ್ಗುತ್ತದೆ. 80 ಕಿಲೋದವರಿಗೆ ಇದು 4ರಿಂದ 8 ಕಿಲೋ. ನಿಧಾನವಾಗಿ ಇಳಿಸಿ. ಮೂರೂ ಕಾಲುವೆಗೆ ಕಟ್ಟ ಹಾಕುವುದು ಇದೊಂದೇ.

2. ಮೊದಲು ಬಿಡಬೇಕಾದದ್ದು ಸಾರಾಯಿ, ಸಕ್ಕರೆ ಪಾನೀಯ. ನಾಲ್ಕಾರು ಲೋಟ ಸಿಹಿ ಚಾ ಕೂಡಾ ಲೆಕ್ಕಕ್ಕೆ ಬರುತ್ತದೆ. ತೋಟಕ್ಕೂ ಬೈಕಿನಲ್ಲಿ ಹೋಗುವ ಅಭ್ಯಾಸ ಬಿಟ್ಟು ನಡೆಯಿರಿ.

3. ಸಕ್ಕರೆ ಕಾಯಿಲೆ ಇದೆಯೇ ನೋಡಿಸಿ. ನಾರು ಬೆಳೆದಿದೆಯೇ ಎಂದು ಡಾಕ್ಟರನ್ನು ಕೇಳಿ.

4. ಯಾವುದೇ ಕಷಾಯ, ಪುಡಿ, ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಅವರಿಗೆ ಹೇಳಿ. ಕಣ್ಣು ಹಳದಿಯಾದರೆ, ಮೂತ್ರ ಚಾದ ಬಣ್ಣಕ್ಕೆ ತಿರುಗಿದರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಬೆಳೆಗಾರರಿಗೂ ಒಂದು ಮಾತು. ಬೊಜ್ಜಿನ ಮಾತ್ರೆಯನ್ನೇ ನಂಬಿದ ಪೇಟೆ ಒಂದು ಕೆಟ್ಟ ಸುದ್ದಿಗೆ ಕುಸಿದೀತು. ಹುಳಿಯ ಪೇಟೆ ಹಾಗಲ್ಲ, ಅಡುಗೆ ಇರುವವರೆಗೂ ಇದ್ದೇ ಇರುತ್ತದೆ. ಬಲಿಯದ ಕಾಯಿ ಕೊಯ್ದು, ಕೊಂಬೆ ಕಡಿದು ಅವಸರದ ದುಡ್ಡು ಮಾಡುವುದಕ್ಕಿಂತ, ಹಣ್ಣಾದದ್ದನ್ನೇ ಹೆಕ್ಕಿ ಚೊಕ್ಕವಾಗಿ ಒಣಗಿಸಿ ಮಾರುವುದು ಲೇಸು. ಮಾರುವಾಗ ಇದು ಹುಳಿ ಎಂದೇ ಮಾರೋಣ.